ಮೂವತ್ತಕ್ಕೇ ನಿವೃತ್ತನಾದ ಹುಡುಗ

ಡಾಕ್ಟರಾಗಲು ಹೊರಟವನಿಗೆ ಮೂವತ್ತು ವರ್ಷ ಅಂದರೆ ಏನು? ಎಂ.ಬಿ.ಬಿ.ಎಸ್. ಮುಗಿದು, ಎಂ.ಡಿ. ಮುಗಿಸಿ, ರಾತ್ರಿ ಪಾಳಿ ಮಾಡುತ್ತ, ಸೀನಿಯರುಗಳಿಂದ ಬೈಸಿಕೊಳ್ಳುತ್ತ, 'ಇನ್ನು ಮೇಲೆ ಜೀವನ ಶುರು' ಅಂದುಕೊಳ್ಳುವ ವಯಸ್ಸು. ನಾನು ಹೆಂಡತಿ ಮತ್ತು ಒಂದು ವರ್ಷದ ಮಗನೊಂದಿಗೆ ಎರಡು ಸೂಟ್‌ಕೇಸು ಹಿಡಿದು ಈ ಇಂಗ್ಲೆಂಡಿಗೆ ಬಂದಿಳಿದದ್ದೂ 1999ರಲ್ಲಿ, ಅದೇ ವಯಸ್ಸಿನ ಆಸುಪಾಸಿನಲ್ಲಿ. ಅಂಥ ವಯಸ್ಸಿನಲ್ಲಿ ಒಬ್ಬ ಹುಡುಗ 'ನನ್ನ ಆಟ ಮುಗಿಯಿತು' ಎಂದು ಹೇಳಿದರೆ ಕೇಳಿದವರಿಗೆ ಹೇಗಾಗಬೇಡ?

2022ರ ಜುಲೈ 8ರ ಶುಕ್ರವಾರ ಹಾಗೆ ಹೇಳಿದವನು ಜಾಕ್ ವಿಲ್ಶೇರ್. ಫುಟ್‌ಬಾಲ್ ಗೊತ್ತಿಲ್ಲದ ಓದುಗರು ಗಾಬರಿಯಾಗಿ ಪುಟ ತಿರುಗಿಸಬೇಡಿ. ಈ ಕಥೆಯಲ್ಲಿ ಫುಟ್‌ಬಾಲ್ ಎಷ್ಟಿದೆಯೋ ನಮ್ಮ ನಿಮ್ಮ ಮನೆಯ ಮಾತೂ ಅಷ್ಟೇ ಇದೆ.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಕ್ರಿಕೆಟ್ ಬಿಟ್ಟರೆ ಕಬಡ್ಡಿ, ಕಬಡ್ಡಿ ಬಿಟ್ಟರೆ ಗಿಲ್ಲಿದಾಂಡು. ಫುಟ್‌ಬಾಲ್ ನಮ್ಮ ಕಡೆಯದಲ್ಲ. ಅದು ನನಗೆ ಹತ್ತಿಕೊಂಡದ್ದು ಮಗನಿಂದ. ಹರ್ಟ್‌ಫರ್ಡ್‌ಶೈರಿನಲ್ಲಿ ಮನೆ ಮಾಡಿದ್ದರಿಂದ ಶಾಲೆಯ ಗೆಳೆಯರಲ್ಲಿ ಬಹಳ ಜನ ಆರ್ಸೆನಲ್ ತಂಡದ ಭಕ್ತರು. ನನ್ನ ಮಗನೂ ಆ ಮತಕ್ಕೆ ಸೇರಿದ. ಹನುಮಾನ್ ಚಾಲೀಸಾ ಬಾಯಿಗೆ ಬಾರದಿದ್ದರೂ ತಂಡದ ಹನ್ನೊಂದು ಹೆಸರು ನಿದ್ದೆಯಲ್ಲೂ ಬರುತ್ತಿತ್ತು. ಅವುಗಳಲ್ಲಿ ಒಂದು ವಿಲ್ಶೇರ್. ಅವನು ನಮ್ಮ ಜಿಲ್ಲೆಯವನೇ. 1992ರ ಜನವರಿ 1ರಂದು ಸ್ಟೀವನೇಜಿನಲ್ಲಿ ಹುಟ್ಟಿ, ಕೆಲಕಾಲ ಲೂಟನ್ ತಂಡದ ಮಕ್ಕಳ ವಿಭಾಗದಲ್ಲಿದ್ದು, ಒಂಬತ್ತನೇ ವಯಸ್ಸಿಗೆ ಆರ್ಸೆನಲ್ ಅಕಾಡೆಮಿ ಸೇರಿದ ಹುಡುಗ. 'ಪಕ್ಕದ ಊರಿನ ಹುಡುಗ' ಎಂಬ ಅಭಿಮಾನ ಬೇರೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರಲ್ಲ, ಹಾಗೆ. 2008ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ವಿರುದ್ಧ ಮೈದಾನಕ್ಕಿಳಿದಾಗ ಅವನಿಗೆ 16 ವರ್ಷ 256 ದಿನ. ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಆರ್ಸೆನಲ್ ಪರವಾಗಿ ಲೀಗ್ ಪಂದ್ಯ ಆಡಿದವರು ಯಾರೂ ಇರಲಿಲ್ಲ. ಆ ದಾಖಲೆ 2022ರ ಸೆಪ್ಟೆಂಬರಿನವರೆಗೆ ಉಳಿಯಿತು. ಹದಿನೆಂಟಕ್ಕೆ ಇಂಗ್ಲೆಂಡ್ ತಂಡ ಸೇರಿದ.

ಆಮೇಲೆ ಬಂತು 2011ರ ಫೆಬ್ರವರಿ 16ರ ರಾತ್ರಿ. ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. ಎದುರು ನಿಂತವರು ಷಾವಿ, ಇನಿಯೆಸ್ಟಾ, ಮೆಸ್ಸಿ. ಆ ಕಾಲಕ್ಕೆ ಪ್ರಪಂಚದಲ್ಲೇ ಸರಿಸಾಟಿಯಿಲ್ಲದ ತಂಡ. ಅವರ ನಡುವೆ ಹತ್ತೊಂಬತ್ತರ ಈ ಹುಡುಗ ಸಂತೆಯಲ್ಲಿ ಸೈಕಲ್ ಬಿಟ್ಟುಕೊಂಡು ಹೋಗುವವನಂತೆ ಯಾರಿಗೂ ತಾಗದೆ ಚೆಂಡು ಒಯ್ಯುತ್ತಿದ್ದ. ಮೊದಲು ಬಾರ್ಸಿಲೋನಾ ಗೋಲು ಹೊಡೆದರೂ ಕೊನೆಗೆ ಆರ್ಸೆನಲ್ 2–1ರಿಂದ ಗೆದ್ದಿತು. ಗೆಲುವಿನ ಗೋಲಿಗೆ ಮೊದಲು ನಡೆದ ಪಾಸುಗಳ ಸರಪಳಿಯಲ್ಲಿ ವಿಲ್ಶೇರ್ ಕೂಡ ಒಂದು ಕೊಂಡಿ. ಮುಂದಿನ ತಿಂಗಳು ಬಾರ್ಸಿಲೋನಾ ತನ್ನ ನೆಲದಲ್ಲಿ 3–1ರಿಂದ ಸೇಡು ತೀರಿಸಿಕೊಂಡು, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದಿತು ಅನ್ನುವುದು ಬೇರೆ ಮಾತು. ಆ ರಾತ್ರಿ ನಮ್ಮ ಮನೆಯ ಸೋಫಾದ ಮೇಲೆ ಹನ್ನೆರಡು ವರ್ಷದ ಮಗ ಕುಣಿದ ರಭಸಕ್ಕೆ ಅದರ ಒಂದು ಸ್ಪ್ರಿಂಗ್ ಶಾಶ್ವತವಾಗಿ ಕೂತುಹೋಯಿತು. ಮರುವಾರವೇ 'ವಿಲ್ಶೇರ್ 19' ಎಂದು ಬರೆದ ಜರ್ಸಿ ಬೇಕೆಂದು ಹಟ ಹಿಡಿದ. ಕೊಡಿಸಿದೆ. ಮುಂದಿನ ವರ್ಷ ಅವನ ಸಂಖ್ಯೆ 10 ಆಯಿತು. ಹೊಸ ಜರ್ಸಿ ಕೇಳಿದಾಗ 'ಹಳೆಯದು ಹರಿಯಲಿ' ಎಂದೆ. ಅದರ ಬೆಲೆ ಗೊತ್ತಿರುವ ತಂದೆಯಂದಿರು ನನ್ನನ್ನು ಕ್ಷಮಿಸುತ್ತಾರೆ.

ಇಂಗ್ಲೆಂಡಿನ ಪತ್ರಿಕೆಗಳು ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದವು. ಮುಂದಿನ ಹತ್ತು ವರ್ಷ ಇಂಗ್ಲೆಂಡಿನ ಆಟ ಈ ಹುಡುಗನ ಕಾಲಲ್ಲಿದೆ ಎಂದು ಬರೆದವು. ಆ ವರ್ಷ ವೃತ್ತಿ ಆಟಗಾರರ ಸಂಘ ಅವನನ್ನು ವರ್ಷದ ಯುವ ಆಟಗಾರನೆಂದು ಆರಿಸಿತು. ಆರ್ಸೆನಲ್ ಪರವಾಗಿಯೇ ಆ ಒಂದು ಋತುವಿನಲ್ಲಿ ಅವನು ಆಡಿದ ಪಂದ್ಯಗಳು 49. ಇಂಗ್ಲೆಂಡ್ ತಂಡದ ಆಟ ಅದರ ಮೇಲೆ.

2011ರ ಜುಲೈ ಕೊನೆಯಲ್ಲಿ, ಋತು ಶುರುವಾಗುವ ಮುನ್ನ ಆಡಿದ ಒಂದು ಪಂದ್ಯದಲ್ಲಿ, ಪಾದದ ಕೀಲು ನೋವೆಂದು ಕುಂಟುತ್ತ ಹೊರಗೆ ಬಂದ. ಸ್ವಲ್ಪ ದಿನದ ವಿಶ್ರಾಂತಿ ಸಾಕು ಎಂದುಕೊಂಡರು. ಅದು ಸ್ಟ್ರೆಸ್ ಫ್ರ್ಯಾಕ್ಚರ್. ಶಸ್ತ್ರಚಿಕಿತ್ಸೆಯಾಯಿತು. 2011–12ರ ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮತ್ತೆ ಮೈದಾನಕ್ಕಿಳಿದದ್ದು ಹದಿನೈದು ತಿಂಗಳ ನಂತರ.

ಇಲ್ಲಿ ಸ್ವಲ್ಪ ವೈದ್ಯಕೀಯ. ಮೂಳೆ ಅಂದರೆ ಕಲ್ಲುಕಂಬವಲ್ಲ, ಅದು ಜೀವಂತ ವಸ್ತು. ಹಗಲೆಲ್ಲ ಓಡಿದಾಗ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಕೆಲವು ಜೀವಕೋಶಗಳು ಹಾಳಾದ ಭಾಗವನ್ನು ಕೆರೆದು ತೆಗೆಯುತ್ತವೆ, ಇನ್ನು ಕೆಲವು ಹೊಸದನ್ನು ಕಟ್ಟುತ್ತವೆ. ನಮ್ಮೂರಿನಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುತ್ತಿದ್ದೆವಲ್ಲ, ಹಾಗೆ. ಕೆರೆಯುವ ಕೆಲಸ ಬೇಗ ಆಗುತ್ತದೆ, ಕಟ್ಟುವ ಕೆಲಸ ನಿಧಾನ. ನಡುವೆ ಬಿಡುವು ಸಿಗದಿದ್ದರೆ ಹೆಂಚು ತೆಗೆದ ಮನೆಯ ಮೇಲೆ ಮಳೆ ಸುರಿದಂತೆ. ಬಿದ್ದು ಪೆಟ್ಟಾಗಬೇಕೆಂದಿಲ್ಲ; ದಿನವೂ ಬೀಳುವ ಸಣ್ಣ ಭಾರಕ್ಕೇ ಮೂಳೆ ಬಿರಿಯುತ್ತದೆ. ಸೇನೆಗೆ ಹೊಸದಾಗಿ ಸೇರಿ ಮೈಲುಗಟ್ಟಲೆ ನಡೆಯುವ ಯುವಕರಲ್ಲೂ ಇದನ್ನು ಕಾಣುತ್ತೇವೆ. ಇದಕ್ಕೆ ಮುಖ್ಯ ಔಷಧಿ ವಿಶ್ರಾಂತಿ. ಹತ್ತೊಂಬತ್ತರ ಹುಡುಗನಿಗೂ ಅವನನ್ನು ಕಾಯುವ ಲಕ್ಷಾಂತರ ಜನರಿಗೂ ಸೇರದ ಔಷಧಿ ಅದೊಂದೇ.

ಆಮೇಲೆ ಒಂದಾದ ಮೇಲೊಂದು. 2014ರಲ್ಲಿ ಮೊದಲು ಪಾದದ ಮೂಳೆ, ವರ್ಷದ ಕೊನೆಗೆ ಕೀಲಿನ ಲಿಗಮೆಂಟು. 2015ರಲ್ಲಿ ಮೊಣಕಾಲ ಕೆಳಗಿನ ಸಣ್ಣ ಮೂಳೆ. ಬೋರ್ನ್‌ಮತ್ ತಂಡಕ್ಕೆ ಎರವಲು ಹೋದಾಗ 2017ರ ಏಪ್ರಿಲಿನಲ್ಲಿ ಮತ್ತೆ ಕಾಲು ಮುರಿತ. 2018ರಲ್ಲಿ ಹದಿನೇಳು ವರ್ಷದ ಸಂಬಂಧ ಕಡಿದು ಆರ್ಸೆನಲ್ ಬಿಟ್ಟ. ವೆಸ್ಟ್ ಹ್ಯಾಮ್, ಮತ್ತೆ ಬೋರ್ನ್‌ಮತ್, ಕೊನೆಗೆ ಕೆಲವು ತಿಂಗಳು ಡೆನ್ಮಾರ್ಕಿನ ಆರ್ಹುಸ್. 2021ರಲ್ಲಿ ಯಾವ ತಂಡವೂ ಕರೆಯದೆ ಕೂತಿದ್ದಾಗ, ಫುಟ್‌ಬಾಲ್ ಹುಚ್ಚಿನ ತನ್ನ ಪುಟ್ಟ ಮಗ ಕೇಳುವ ಪ್ರಶ್ನೆಗಳಿಗೆ ಏನು ಉತ್ತರ ಕೊಡಲಿ ಎಂದು ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದ. ಅದನ್ನು ಓದಿದಾಗ ನನ್ನ ಗಂಟಲು ಕಟ್ಟಿತು.

ನಿವೃತ್ತಿಯ ಸುದ್ದಿ ಬಂದ ದಿನ ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅದೇ ಚರ್ಚೆ. ಒಬ್ಬ ಎಳೆಯ ಡಾಕ್ಟರು, "ಅವನೇ ಹಾಳು ಮಾಡಿಕೊಂಡ. ಸಿಗರೇಟು ಹಿಡಿದ ಫೋಟೊ ಬಂದಿರಲಿಲ್ಲವೇ?" ಎಂದರು. ಹೌದು, 2013ರಲ್ಲಿ ಬಂದಿತ್ತು. ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ ಎಂಬುದೂ ನಿಜ. ಆದರೆ ಮೊದಲ ಬಿರುಕು ಬಿಟ್ಟದ್ದು ಅದಕ್ಕೆ ಎರಡು ವರ್ಷ ಮೊದಲು. ಮೂಳೆ ವಿಭಾಗದ ಸಹೋದ್ಯೋಗಿಯೊಬ್ಬರು, "ಅಷ್ಟು ಚಿಕ್ಕವನನ್ನು ಒಂದು ವರ್ಷ ಅಷ್ಟೊಂದು ಆಡಿಸಿದ್ದೇ ತಪ್ಪು" ಎಂದರು. ಇರಬಹುದು. ಎಕ್ಸ್‌ರೇ ನೋಡದೆ ತೀರ್ಪು ಕೊಡುವುದು ನಮ್ಮ ವೃತ್ತಿಗೆ ಹೇಳಿದ್ದಲ್ಲ ಎಂದು ಸುಮ್ಮನಾದೆ.

ಕೊನೆಗೆ ಮಾತಾಡಿದವರು ನಮ್ಮ ವಾರ್ಡಿನ ಪೋರ್ಟರ್. ರೋಗಿಗಳ ಟ್ರಾಲಿ ತಳ್ಳುವ, ಅರವತ್ತು ದಾಟಿದ ಮನುಷ್ಯ. ಹಳೆಯ ಹೈಬರಿ ಮೈದಾನದ ಕಾಲದಿಂದಲೂ ಆರ್ಸೆನಲ್ ನೋಡಿದವರು. "ಬಾರ್ಸಿಲೋನಾ ಪಂದ್ಯದ ದಿನ ನಾನು ಅಲ್ಲಿದ್ದೆ ಡಾಕ್ಟರ್. ಆ ಹುಡುಗ ನನಗೇನೂ ಬಾಕಿ ಇಟ್ಟಿಲ್ಲ" ಎಂದು ಹೇಳಿ ಚಹಾದ ಲೋಟ ಕೆಳಗಿಟ್ಟು ಕೆಲಸಕ್ಕೆ ಹೊರಟುಹೋದರು.

ಸಂಜೆ ಮನೆಗೆ ಬಂದರೆ ಮಗ ಅದೇ ಹಳೆಯ ಪಂದ್ಯ ಹಾಕಿಕೊಂಡು ಕೂತಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕು. ಅವನ ಕಥೆಯನ್ನೂ ಹೇಳಬೇಕು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಜಾಣ. ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಅವನು ಹತ್ತು ವರ್ಷದವನಿದ್ದಾಗಲೇ ಎಲ್ಲರೂ 'ಜೂನಿಯರ್ ಡಾಕ್ಟ್ರೇ' ಎಂದು ಕರೆಯುತ್ತಿದ್ದರು. ಅದನ್ನು ಶುರು ಮಾಡಿದವನು ನಾನೇ. 2016ರಲ್ಲಿ ಮೆಡಿಕಲ್ ಸೀಟೂ ಸಿಕ್ಕಿತು. ಎರಡು ವರ್ಷ ಓದಿದ. 2018ರ ಬೇಸಿಗೆಯಲ್ಲಿ ಮನೆಗೆ ಬಂದು, "ಅಪ್ಪಾ, ನನ್ನ ಕೈಲಿ ಆಗಲ್ಲ" ಎಂದ. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ತೂಕ ಇಳಿದಿದೆ. ದಿನಕ್ಕೆ ಇಪ್ಪತ್ತು ರೋಗಿಗಳ ಮುಖ ನೋಡಿ ಕಾಯಿಲೆ ಹೇಳುವ ನಾನು ನನ್ನ ಮಗನ ಮುಖ ಎರಡು ವರ್ಷ ನೋಡಿರಲಿಲ್ಲ. ಆಗಲಾದರೂ ನೋಡಿದೆನೇ? ಮೂರು ವಾರ ಅವನೊಂದಿಗೆ ಮಾತು ಬಿಟ್ಟೆ. ಊರಿನಿಂದ ಅಮ್ಮ ಫೋನ್ ಮಾಡಿ ಕೇಳಿದಾಗ "ಮೂರನೇ ವರ್ಷ ಅಮ್ಮ, ಚೆನ್ನಾಗಿ ಓದ್ತಿದ್ದಾನೆ" ಎಂದು ಸುಳ್ಳು ಹೇಳಿದೆ. ಒಂದು ವರ್ಷ ಅದೇ ಸುಳ್ಳು.

ಅವನು ಬೇರೆ ಪದವಿ ಮಾಡಿ, ಶಿಕ್ಷಕರ ತರಬೇತಿ ಮುಗಿಸಿ, ಆ ಸೆಪ್ಟೆಂಬರಿನಲ್ಲಿ ಪ್ರೈಮರಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರುವವನಿದ್ದ. ನಾನು ಅವನ ಪಕ್ಕದಲ್ಲಿ, ಸ್ಪ್ರಿಂಗ್ ಹೋದ ಜಾಗದಲ್ಲಿ ಕೂತು, ಟಿ.ವಿ.ಯಲ್ಲಿ ಹತ್ತೊಂಬತ್ತರ ವಿಲ್ಶೇರನ ಓಟ ನೋಡುತ್ತ, ಯೋಚಿಸದೆ ಅಂದುಬಿಟ್ಟೆ:

"ಎಂಥ ಪ್ರತಿಭೆ! ಏನೇನೋ ಆಗಬಹುದಿತ್ತು. ಎಲ್ಲಾ ವ್ಯರ್ಥವಾಯ್ತು."

ಮಗ ಆಟ ನಿಲ್ಲಿಸಿದ. "ಅಪ್ಪಾ, ನೀನು ಯಾರ ವಿಷಯ ಹೇಳ್ತಿದ್ದೀಯ?" ಎಂದ.

ನಾನು ಉತ್ತರಿಸಲಿಲ್ಲ. ಅವನೇ ಮುಂದುವರಿಸಿದ. ಕೋಪವಿರಲಿಲ್ಲ, ತರಗತಿಯಲ್ಲಿ ಲೆಕ್ಕ ಹೇಳಿಕೊಡುವ ದನಿ. "ಒಂಬತ್ತನೇ ವಯಸ್ಸಿಗೆ ಅಕಾಡೆಮಿ ಸೇರೋ ಮಕ್ಕಳಲ್ಲಿ ದೊಡ್ಡ ತಂಡಕ್ಕೆ ಒಂದು ಪಂದ್ಯ ಆಡೋರೇ ಬೆರಳೆಣಿಕೆ. ಇವನು ಆರ್ಸೆನಲ್‌ಗೆ 197 ಪಂದ್ಯ ಆಡಿದ. ಇಂಗ್ಲೆಂಡಿಗೆ 34. ಎರಡು ಎಫ್.ಎ. ಕಪ್ ಗೆದ್ದ ತಂಡದಲ್ಲಿದ್ದ. ನಾರ್ವಿಚ್ ಮೇಲೆ ಹೊಡೆದ ಗೋಲು ನೆನಪಿದೆಯಾ? ಆ ಋತುವಿನ ಅತ್ಯುತ್ತಮ ಗೋಲು ಅಂತ ಆರಿಸಿದ್ರು. ಇದೆಲ್ಲ ಬೇರೆ ಯಾರಾದ್ರೂ ಮಾಡಿದ್ರೆ ಭೇಷ್ ಅಂತಿದ್ದೆ. ಇವನು ಮಾಡಿದ್ರೆ ಮಾತ್ರ ವ್ಯರ್ಥ. ಯಾಕಂದ್ರೆ ಇವನು ಏನಾಗಬೇಕು ಅಂತ ನೀವೆಲ್ಲ ಮೊದಲೇ ಬರೆದಿಟ್ಟಿದ್ರಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಿಲ್ಶೇರನ ಆಟದಲ್ಲಿ ಕೊರತೆಯೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನಷ್ಟ ನಿಜವಾದದ್ದೇ. ನಿವೃತ್ತಿಯ ಪತ್ರದಲ್ಲಿ ಅವನೇ ಬರೆದಿದ್ದ: ಕೊಡುವುದು ಇನ್ನೂ ಬಹಳ ಇದೆ ಅನ್ನಿಸುತ್ತಿರುವಾಗಲೇ ಆಟ ಕೈಜಾರಿ ಹೋಗುವುದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು ಎಂಬರ್ಥದ ಮಾತು. ಆ ನೋವು ಅವನದು. ನಾವು ಅಭಿಮಾನಿಗಳು ಅಳುತ್ತಿದ್ದುದು ನಮ್ಮ ಕನಸು ಕೆಟ್ಟಿತೆಂದು, ಅದನ್ನು ಅವನ ಲೆಕ್ಕಕ್ಕೆ ಬರೆದೆವು. ನಾನು ನನ್ನ ಮಗನಿಗೆ ಮಾಡಿದ್ದೂ ಇದನ್ನೇ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಮೆಡಿಕಲ್ ಬಿಟ್ಟ ವಿಷಯ ಅಷ್ಟರಲ್ಲಿ ಅವರಿಗೆ ಗೊತ್ತಿತ್ತು, ಆದರೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ. "ಅಮ್ಮ, ಅವನು ಮೇಷ್ಟ್ರಾಗ್ತಿದ್ದಾನೆ" ಎಂದೆ. ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, "ಅದಕ್ಯಾಕೋ ಅಷ್ಟು ಮೆತ್ತಗೆ ಹೇಳ್ತೀಯ? ನಿಮ್ಮಪ್ಪ ಮೇಷ್ಟ್ರಲ್ಲದೆ ಇನ್ನೇನಾಗಿದ್ರು?" ಎಂದರು. ನನ್ನ ತಂದೆ ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ನನ್ನ ಎಂ.ಡಿ.ಯವರೆಗಿನ ಓದೆಲ್ಲ ಆ ಸಂಬಳದಲ್ಲೇ ಆದದ್ದು.

ವಿಲ್ಶೇರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿವೃತ್ತಿ ಘೋಷಿಸಿದ ಕೆಲವೇ ದಿನಗಳಲ್ಲಿ ಆರ್ಸೆನಲ್ ಅವನನ್ನು 18ರೊಳಗಿನ ಹುಡುಗರ ತಂಡಕ್ಕೆ ತರಬೇತುದಾರನನ್ನಾಗಿ ಕರೆಯಿತು. 2023ರಲ್ಲಿ ಅವನ ಹುಡುಗರು ಎಫ್.ಎ. ಯೂತ್ ಕಪ್ ಫೈನಲ್ ತಲುಪಿ, ವೆಸ್ಟ್ ಹ್ಯಾಮ್ ಕೈಯಲ್ಲಿ 5–1ರಿಂದ ಸೋತರು. 2024ರಲ್ಲಿ ನಾರ್ವಿಚ್ ತಂಡದ ತರಬೇತುದಾರರಲ್ಲಿ ಒಬ್ಬನಾದ. 2025ರ ಅಕ್ಟೋಬರಿನಲ್ಲಿ ಲೂಟನ್ ಟೌನ್ ಅವನನ್ನು ಮ್ಯಾನೇಜರ್ ಆಗಿ ನೇಮಿಸಿತು. ಹುಡುಗನಾಗಿದ್ದಾಗ ಮೊದಲು ಚೆಂಡು ಒದೆದ ತಂಡಕ್ಕೇ ಗುರುವಾಗಿ ಹೋದ. ಅವನು ಅಲ್ಲಿ ಗೆಲ್ಲುತ್ತಾನೋ ಇಲ್ಲವೋ ಎಂದು ಈ ಬಾರಿ ನಾನು ಭವಿಷ್ಯ ನುಡಿಯುವುದಿಲ್ಲ. ಒಂದು ಸಲ ನುಡಿದು ಬುದ್ಧಿ ಬಂದಿದೆ.

ಓದುಗರೇ, ಹಬ್ಬದ ದಿನ ಹಾಲ್‌ನಲ್ಲಿ ಸೇರುತ್ತೇವೆ. ಕೋಸಂಬರಿ, ಬಿಸಿಬೇಳೆಬಾತ್ ಸಾಲಿನಲ್ಲಿ ಪಕ್ಕದಲ್ಲಿ ಯಾರದೋ ಮಗ, ಯಾರದೋ ಮಗಳು ತಟ್ಟೆ ಹಿಡಿದು ನಿಂತಿರುತ್ತಾರೆ. 'ಈಗ ಯಾವ ವರ್ಷ? ಮುಂದೇನು?' ಎಂಬ ಪ್ರಶ್ನೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾವು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಆದರೂ ಈ ಸಲ ಅದನ್ನು ಒಂದು ತುತ್ತಿನೊಂದಿಗೆ ನುಂಗಿಕೊಂಡು, 'ಊಟ ಚೆನ್ನಾಗಿದೆಯೇನಪ್ಪಾ? ಇನ್ನೊಂದು ಒಬ್ಬಟ್ಟು ಹಾಕಿಸಿಕೋ' ಎಂದು ಹೇಳಿ ನೋಡೋಣ.

ಅಂದ ಹಾಗೆ, 'ವಿಲ್ಶೇರ್ 19' ಜರ್ಸಿ ಇನ್ನೂ ನಮ್ಮ ಮನೆಯಲ್ಲಿದೆ. ಮಗನಿಗೆ ಅದು ಯಾವತ್ತೋ ಗಿಡ್ಡವಾಯಿತು. ಶಾಲೆಯ ಅವನ ಕೋಣೆಯ ಗೋಡೆಗೆ ಹಾಕಿಕೊಳ್ಳುತ್ತೇನೆ ಎಂದು ಮೊನ್ನೆ ಕೇಳಿದ. ನಾನೇ ಇಸ್ತ್ರಿ ಮಾಡಿ ಕೊಡುತ್ತೇನೆ ಎಂದಿದ್ದೇನೆ.