ಕಾಣದ ಬೇನೆ, ಬಿಡದ ಕಾಯಕ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಮೆದುಳು ಹಾಗೂ ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ವ್ಯಾಧಿ. ರೋಗಿಗಳು ನೋಡಲು ಆರೋಗ್ಯವಂತರಂತೆಯೇ ಇರಬಹುದು. ಒಳಗೆ ವಿಪರೀತ ಆಯಾಸ, ಮಂಜಾಗುವ ದೃಷ್ಟಿ, ಸೆಕೆಯಲ್ಲಿ ಉಲ್ಬಣಿಸುವ ನಿಶ್ಶಕ್ತಿ. ಇದನ್ನು ಸೋಮಾರಿತನವೆಂದು ಹಳಿಯುವವರನ್ನು ನಾವು ಕಂಡಿದ್ದೇವೆ. ಕಾಯಕ ಬಿಡಲೊಲ್ಲದವರೇ ಕೆಲಸದಲ್ಲಿ ಅನುಕೂಲ ಕೇಳುತ್ತಾರೆಂಬುದನ್ನು ಅವರು ಅರಿಯರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು. ಸರ್ಕಾರಿ ಕಚೇರಿಗಳು ಅಂಥ ನೌಕರರಿಗೆ ಸಮಂಜಸ ಅನುಕೂಲ ಕಲ್ಪಿಸಬೇಕು. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ವಜಾ ಮಾಡುವಂತಿಲ್ಲ, ಹುದ್ದೆ ತಗ್ಗಿಸುವಂತಿಲ್ಲ.

ಅರ್ಜಿಯಲ್ಲಿ ರೋಗಪುರಾಣ ಬೇಡ. ‘ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ, ನೆಲಮಹಡಿಯಲ್ಲಿ ಗಾಳಿಯಾಡುವ ಆಸನ ದೊರೆತರೆ ಪೂರ್ಣ ಕೆಲಸ ನಿರ್ವಹಿಸಬಲ್ಲೆ’ ಎಂದು ಖಚಿತವಾಗಿ ಬರೆದು, ನರರೋಗತಜ್ಞರ ಪತ್ರವನ್ನೂ ಯುಡಿಐಡಿ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ನಿರಾಕರಿಸಿದರೆ ಅದೇ ಕಚೇರಿಯ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಸಲ್ಲಿಸಬಹುದು.