ಗಣಕಯಂತ್ರದ ಆಟಗಳೂ ಬೆಂಗಳೂರಿನ ‘ಧ್ರುವ’ವೂ

ಆಟವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಲೋಕರೂಢಿ. ಕೆಲವು ದಿನಗಳ ಹಿಂದೆ ಹಲಸೂರಿನ ನಮ್ಮ ನೆರೆಮನೆಯ ಗೃಹಸ್ಥರು ಬಂದು, “ಮೇಷ್ಟ್ರೇ, ನಮ್ಮ ಹುಡುಗಿ ಚಿತ್ರ ಬರೆಯುವುದರಲ್ಲಿ ಜಾಣೆ. ಕಂಪ್ಯೂಟರಿನ ಆಟಗಳನ್ನು ತಯಾರಿಸುವ ವಿದ್ಯೆಯನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಾಳೆ. ಆಟ ಕಟ್ಟಿ ಅನ್ನ ಉಂಡವರುಂಟೆ?” ಎಂದು ಚಿಂತೆಯಿಂದ ಕೇಳಿದರು. ಉಂಟೆಂಬುದಕ್ಕೆ ನಮ್ಮ ಊರಿನಲ್ಲಿಯೇ ನಿದರ್ಶನವಿರುವುದು. ಅವರಿಗೆ ಹೇಳಿದುದನ್ನೇ ವಾಚಕರಿಗೂ ಅರಿಕೆ ಮಾಡುವೆನು.

ಈ ಆಟಗಳಲ್ಲಿ ಹಲವು ಬಗೆ. ಸೇನೆಯನ್ನೋ ರಾಜ್ಯವನ್ನೋ ಯುಕ್ತಿಯಿಂದ ನಡೆಸುವುದೊಂದು. ನಮ್ಮ ಚತುರಂಗವು ಇದಕ್ಕೆ ಹಿರಿಯಣ್ಣ. ವಿಮಾನ, ಮೋಟಾರು ಮೊದಲಾದುವನ್ನು ನಿಜವಾಗಿ ನಡೆಸಿದಂತೆಯೇ ತೋರಿಸುವ ಅನುಕರಣದ ಆಟ ಮತ್ತೊಂದು.

ರಾಜೇಶ್ ರಾವ್ ಎಂಬವರ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯು ಬೆಂಗಳೂರಿನಲ್ಲಿ 1997ರಲ್ಲಿ ಆಟಗಳ ನಿರ್ಮಾಣಕ್ಕೆ ಕೈಹಾಕಿತು. ಭಾರತದಲ್ಲಿ ಈ ಉದ್ಯೋಗವನ್ನು ಮೊದಮೊದಲು ಹಿಡಿದವರಲ್ಲಿ ಇವರೊಬ್ಬರು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯು ‘ಮಿಷನ್ ಇಂಪಾಸಿಬಲ್’ ಆಟದ ಕೆಲಸವನ್ನು ಇವರಿಗೆ ವಹಿಸಿತು. ಮುಂದೆ ಚಾರ್ಲಿ ಚಾಪ್ಲಿನ್ನನ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನೇ ಇವರು ಕ್ರಯಕ್ಕೆ ಪಡೆದರು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ತನ್ನ 2005ರ ‘ದಿ ವರ್ಲ್ಡ್ ಈಸ್ ಫ್ಲಾಟ್’ ಗ್ರಂಥದಲ್ಲಿ ರಾಯರ ಸಾಹಸವನ್ನು ವರ್ಣಿಸಿರುವನು.

ಆದರೆ ಸಂಸ್ಥೆಗೆ ಬಹುವಾಗಿ ಅನ್ನವಿಟ್ಟುದು ಪರದೇಶದವರ ಆಟಗಳಿಗೆ ಬೇಕಾದ ಚಿತ್ರರೂಪಗಳನ್ನು ರಚಿಸಿಕೊಡುವ ಕೆಲಸ. ಮೈಕ್ರೋಸಾಫ್ಟಿನವರ ‘ಫೋರ್ಜಾ’ ಎಂಬುದು ಮೋಟಾರು ಓಡಿಸುವ ಅನುಕರಣದ ಆಟ. ಅದಕ್ಕಾಗಿ ಇಲ್ಲಿನ ಕಲಾವಿದರು ಕಾರುಗಳನ್ನು ರಚಿಸಿಕೊಟ್ಟರು. ಇಂಥ ಕಾರನ್ನು ರಚಿಸುವುದು ಶಿಲ್ಪಿಯ ಕೆಲಸಕ್ಕೆ ಸಮಾನ. ಭಾವಚಿತ್ರಗಳನ್ನೂ ಅಳತೆಗಳನ್ನೂ ಮುಂದಿಟ್ಟುಕೊಂಡು, ಸಾವಿರಾರು ಸಣ್ಣ ತ್ರಿಕೋನಗಳನ್ನು ಜೋಡಿಸಿ ಒಡಲನ್ನು ಕಟ್ಟುವರು. ಅದರ ಮೇಲೆ ಬಣ್ಣ, ಹೊಳಪು, ಗಾಜು, ತೊಗಲುಗಳ ತೋರಿಕೆಯನ್ನು ಹೊದಿಸುವರು. ತ್ರಿಕೋನಗಳು ಕಡಿಮೆಯಾದರೆ ರೂಪ ಕೆಡುವುದು. ಮಿತಿಮೀರಿದರೆ ಯಂತ್ರವು ತಡವರಿಸುವುದು. ಈ ಹದವನ್ನು ಬಲ್ಲವನೇ ಕುಶಲಿ.

ಇಂಥ ಕುಶಲಿಗಳು ಸಂಸ್ಥೆಯಲ್ಲಿ ಮುನ್ನೂರಕ್ಕೂ ಮಿಕ್ಕಿದ್ದಾಗ, 2016ರ ಡಿಸೆಂಬರಿನಲ್ಲಿ, ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪೆನಿಯು ಅದನ್ನು ಕೊಳ್ಳುವುದಾಗಿ ಸಾರಿತು. ಎರಡು ವರ್ಷಗಳಲ್ಲಿ ಆ ಕಂಪೆನಿಯೇ ಹಣದ ಮುಗ್ಗಟ್ಟಿಗೆ ಸಿಕ್ಕಿ, 2019ರ ಮೇ ತಿಂಗಳಿನಲ್ಲಿ ತನ್ನ ಪಾಲನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಗೆ 79 ಲಕ್ಷ ಡಾಲರುಗಳಿಗೆ ಮಾರಿತು. ರಾಕ್‌ಸ್ಟಾರಿನವರು ಬೆಂಗಳೂರಿನಲ್ಲಿ ಮೊದಲೇ ತೆರೆದಿದ್ದ ಶಾಖೆಯಲ್ಲಿ ಧ್ರುವವು ಲೀನವಾಯಿತು. ನಕ್ಷತ್ರದ ಹೆಸರು ಅಳಿದರೂ ಕೈಗಳಿಗೆ ಕೆಲಸ ಉಳಿಯಿತು.

ಇಷ್ಟನ್ನು ಕೇಳಿದ ಗೃಹಸ್ಥರು, “ಹಾಗಾದರೆ ಕಲಿಯಲಿ ಎನ್ನುವಿರಾ?” ಎಂದರು. ಕಲಿಯಲೇಬೇಕು, ಆದರೆ ಒಂದು ಮಾತುಂಟು. ಪರರು ಕಲ್ಪಿಸಿದ ಆಟಕ್ಕೆ ಅಂಗಾಂಗಗಳನ್ನು ಮಾಡಿಕೊಡುವುದು ಗೌರವದ ಜೀವನವೇ ಹೌದು. ಆದರೂ ಆಟದ ಒಡೆತನ ಕಲ್ಪಿಸಿದವರದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಳೆಯ ಆಟಗಳನ್ನು ಆಡಿ ದಣಿಯಲಿಲ್ಲ; ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಒಂದು ಭಾಗವೇ ಆಟಗಳಿಗೆ ಮೀಸಲು.

ಆದುದರಿಂದ ಆ ಹುಡುಗಿಗೆ ಚಿತ್ರಕಲೆಯೊಡನೆ ಗಣಿತವನ್ನೂ ಕಥೆಯನ್ನೂ ಕಲಿಸಿರೆಂದೆನು. ಪಗಡೆಯ ಹಾಸನ್ನು ಮುಂದೆ ಬಿಚ್ಚಿ, “ಈ ನಿಯಮವನ್ನು ಬದಲಿಸಿದರೆ ಏನಾಗುವುದು?” ಎಂದು ಕೇಳಿ ನೋಡಿರಿ. ಉತ್ತರವನ್ನು ಹುಡುಕುತ್ತ ಅವಳು ಊಟವನ್ನು ಮರೆತರೆ, ಆ ಒಂದು ದಿನ ಗದರಿಸಬೇಡಿರಿ.