ಏರಿನಲ್ಲಿ ತಡವರಿಸುವ ಎಂಜಿನು

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಹೊಸಕೋಟೆಯಲ್ಲಿ ಗಾಳಿಯ ಒತ್ತಡವು ಕರಾವಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಈ ಕೊರತೆಯನ್ನು ತುಂಬಬಲ್ಲ ಸಾಧನವೇ ಟರ್ಬೋ. ಎಂಜಿನು ಉಗುಳುವ ಹೊಗೆಯ ರಭಸಕ್ಕೆ ತಿರುಗುವ ಈ ಚಕ್ರವು ಒಳಹೋಗುವ ಗಾಳಿಯನ್ನು ಒತ್ತಿ ತುಂಬುತ್ತದೆ. ಹೊಸಕೋಟೆಯ ವೋಲ್ವೋ ಕಾರ್ಖಾನೆಯಲ್ಲಿ 2017ರಲ್ಲಿ ಜೋಡಣೆಗೆ ಮೊದಲಾದ ಕಾರುಗಳಿಗೂ ಇದುಂಟು. ಇಂದು ಸಣ್ಣ ಪೆಟ್ರೋಲು ಕಾರುಗಳಿಗೂ ಉಂಟು.

ಇಂತಹ ಪೆಟ್ರೋಲು ಕಾರು ನಿಂತಲ್ಲಿ ಸಮನಾಗಿ ನಡೆದು, ಏರಿನಲ್ಲಿ ಮಾತ್ರ ಜಗ್ಗಿ ತಡವರಿಸಿದರೆ, ಗ್ಯಾರೇಜಿನವರು ಅದನ್ನು ‘ಮಿಸ್ಸಿಂಗ್’ ಎನ್ನುವರು. ಒಡೆಯರ ಸಂಶಯವು ಒಡನೆಯೇ ಟರ್ಬೋವಿನ ಮೇಲೆ ಬೀಳುವುದುಂಟು. ಆದರೆ ದೋಷವು ಹಲವು ವೇಳೆ ಕಿಡಿಯಲ್ಲಿರುತ್ತದೆ. ಗಾಳಿ ದಟ್ಟವಾದಷ್ಟೂ ಪ್ಲಗ್ಗಿನ ಎಡೆಯನ್ನು ದಾಟಲು ಕಿಡಿಗೆ ಹೆಚ್ಚಿನ ವೋಲ್ಟೇಜು ಬೇಕು. ಸವೆದ ಪ್ಲಗ್ಗಾಗಲಿ ಬಲಗುಂದಿದ ಕಾಯಿಲಾಗಲಿ ಭಾರ ಬಿದ್ದೊಡನೆ ಸೋಲುತ್ತದೆ.

ಪರೀಕ್ಷೆಯ ಕ್ರಮ ಸರಳವಾದುದು. ತಪ್ಪುತ್ತಿರುವ ಸಿಲಿಂಡರು ಯಾವುದೆಂಬುದನ್ನು ಕಾರಿನ ಗಣಕವೇ ಸಾಮಾನ್ಯವಾಗಿ ತಿಳಿಸುತ್ತದೆ. ಅದು ಎರಡನೆಯದೆಂದು ಇಟ್ಟುಕೊಳ್ಳೋಣ. ಅದರ ಕಾಯಿಲನ್ನು ಮೂರನೆಯದರ ಕಾಯಿಲಿನೊಡನೆ ಅದಲುಬದಲು ಮಾಡಿ ಓಡಿಸಬೇಕು. ದೋಷವು ಮೂರನೆಯದಕ್ಕೆ ಹೋದರೆ ಕಾಯಿಲೇ ಅಪರಾಧಿ. ಎರಡನೆಯದರಲ್ಲಿಯೇ ಉಳಿದರೆ ಪ್ಲಗ್ಗನ್ನೂ ಅನಂತರ ಇಂಜೆಕ್ಟರನ್ನೂ ಹೀಗೆಯೇ ನೋಡಿ, ಕಡೆಗೆ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಎಲ್ಲ ಸಿಲಿಂಡರುಗಳೂ ತಡವರಿಸಿದರೆ ಗಾಳಿಯ ಕೊಳವೆ ಸೋರುತ್ತಿದೆಯೆ, ಪೆಟ್ರೋಲಿನ ಒತ್ತಡ ಸಾಲದೆ ಎಂದು ವಿಚಾರಿಸಬೇಕು.

ಎಂಜಿನಿನ ಎಚ್ಚರಿಕೆಯ ದೀಪವು ಮಿನುಗತೊಡಗಿದರೆ ಮಾತ್ರ ಓಡಿಸುತ್ತ ಹೋಗಲಾಗದು. ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಕೆಡಿಸೀತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವ ತಾಳ್ಮೆ ಇಲ್ಲದವರ ಕಾರು, ಹೊಸ ಟರ್ಬೋವಿಗೆ ಹಣ ತೆತ್ತ ಮೇಲೂ ಅದೇ ಏರಿನಲ್ಲಿ ತಡವರಿಸುವುದು.